ಹೋಲಿಕೆಯ ಗುಂಪು

ಝುವಾರಿನಗರದ ಗುಡ್ಡದ ನಡುವೆ ಒಂದು ಮೋರಿ.
ಈಚೆ ನಲವತ್ತು ಮಕ್ಕಳು, ಆಚೆ ನಲವತ್ತು.
ಈಚೆಯವರಿಗೆ ಬಾಲವಾಡಿ, ಬಣ್ಣದ ದಿಮ್ಮಿ, ಬೇಯಿಸಿದ ಮೊಟ್ಟೆ,
ಒಂಬತ್ತರಿಂದ ಒಂದರವರೆಗೆ ಕ್ರೆಸೆನ್ಸಿಯಾ ಬಾಯಿ.
ಆಚೆಯವರಿಗೆ ಏನೂ ಇಲ್ಲ.
ಏನೂ ಇಲ್ಲದಿರುವುದೇ ಅವರ ಕೆಲಸ:
ಅವರನ್ನು ಪಕ್ಕಕ್ಕಿಟ್ಟು ಇವರನ್ನು ಅಳೆಯಬೇಕು.

ಅಳೆಯುವವಳು ನಾನು.
ದಿನಕ್ಕೆ ಏಳುನೂರು, ಬಸ್ಸಿನ ಖರ್ಚು ಬೇರೆ.
ಕನ್ನಡ ಬರುತ್ತದೆಂದೇ ಪಣಜಿಯವರು ನನ್ನನ್ನು ಆರಿಸಿದ್ದು.
ಅದು ಎಲ್ಲಿಂದ ಬಂತು, ಗದಗಿನಿಂದ ಬಂದ ಅಪ್ಪ
ವಾಸ್ಕೋ ಬಂದರಿನಲ್ಲಿ ಎಷ್ಟು ವರ್ಷ ಅದಿರು ಹೊತ್ತ,
ಅರ್ಜಿಯಲ್ಲಿ ಕೇಳಿರಲಿಲ್ಲ.

ಚೀಲದಲ್ಲಿ ಹತ್ತು ದಿಮ್ಮಿ, ಇಪ್ಪತ್ತು ಚಿತ್ರ, ಒಂದು ಗಡಿಯಾರ.
ಛತ್ರಿ ತೋರಿಸಿದರೆ ಯಮನೂರಿ ಅಂದ: "ತಾಡಪತ್ರಿ."
ಸೊನ್ನೆ.
ಗೋಪುರ ಕಟ್ಟು ಅಂದೆ.
ಒಂದರ ಪಕ್ಕ ಒಂದಿಟ್ಟ, ಕೆಳಗಿನ ಸಂದಿನ ಮೇಲೆ
ಮೇಲಿನ ದಿಮ್ಮಿಯ ಹೊಟ್ಟೆ ಕೂರುವಂತೆ,
ಅವರವ್ವ ಕಲ್ಲು ಹೊರುವಲ್ಲಿ ಗೌಂಡಿ ಇಡುವ ಹಾಗೆ.
ಗೋಪುರವಲ್ಲ, ಗೋಡೆ. ಸೊನ್ನೆ.
ಅಷ್ಟರಲ್ಲಿ ಹೊರಗೆ ಪಾವು ಮಾರುವವನ ಸೈಕಲ್ಲು ಪೋಂ ಎಂದಿತು.
ಇವನೂ ಪೋಂ ಅಂದ, ಅದೇ ಸುರ, ಅದೇ ಉದ್ದ,
ಪಕ್ಕದ ಮನೆಯವಳು ಚಿಲ್ಲರೆ ಹಿಡಿದು ಇವನ ಬಾಗಿಲಿಗೇ ಬಂದಳು.
ಇದಕ್ಕೆ ಹಾಳೆಯಲ್ಲಿ ಕಾಲಂ ಇಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ: ಪೋಂ.

ಕ್ರೆಸೆನ್ಸಿಯಾ ಬಾಯಿ ಕನ್ನಡ ಕಲಿತದ್ದು ಈ ಮಕ್ಕಳಿಂದಲೇ.
ಹೂವಿನ ಫ್ರಾಕು, ಊದಿದ ಮೊಣಕಾಲು;
ಎಲ್ಲ ನೆಟ್ಟಗೆ ಹೇಳುತ್ತಾಳೆ, ಮೂರೊಂದನ್ನು ಬಿಟ್ಟು.
"ಒಂದು, ಎರಡು, ತೀನ್, ನಾಲ್ಕು."
ಅಲ್ಲಿಗೆ ಬಂದರೆ ನಾಲಿಗೆ ತನ್ನೂರಿನ ದಾರಿ ಹಿಡಿಯುತ್ತದೆ.
ಒಮ್ಮೆ ತಿದ್ದಿದೆ.
"ಅದೇ, ಅದೇ" ಅಂದಳು. ಮತ್ತೆ ತೀನ್.

ಮಾರ್ಚಿನಲ್ಲಿ ಕೊನೆಯ ಅಳತೆ.
ಈಚೆಯವರು ಹನ್ನೊಂದರಿಂದ ಹತ್ತೊಂಬತ್ತಕ್ಕೆ ಏರಿದ್ದರು.
ಕುಣಿಯುತ್ತ ಮೋರಿ ದಾಟಿದೆ.
ಆಚೆಯವರೂ ಹನ್ನೊಂದರಿಂದ ಹದಿನೆಂಟೂವರೆಗೆ.
ಮತ್ತೆ ಕೂಡಿಸಿದೆ. ತಲೆಯ ಮೇಲೆ ವಿಮಾನ ಇಳಿಯಿತು.
ಮತ್ತೆ ಕೂಡಿಸಿದೆ.

ಪಣಜಿಯಲ್ಲಿ, ಫ್ಯಾನಿನ ಕೆಳಗೆ, ಕುಂಕಳ್ಯೇಕರ್ ಸರ್:
"ಅರ್ಧ ಅಂಕ. ಅಂದರೆ ಪರಿಣಾಮ ಇಲ್ಲ.
ಮಕ್ಕಳು ತಾವಾಗಿಯೇ ಬೆಳೆಯುತ್ತಾರೆ ಅಂತಾಯಿತು.
ಮೊಟ್ಟೆಗೆ ದುಡ್ಡು ಕೊಟ್ಟವರಿಗೆ ಏನು ಹೇಳಲಿ?"

ಮರುದಿನ ಸಂಜೆ, ಕೂಲಿಯಿಲ್ಲದೆ, ಮತ್ತೆ ಹೋದೆ.
ಫಕೀರವ್ವ, ಹೋಲಿಕೆಯ ಗುಂಪಿನ ಇಪ್ಪತ್ತೇಳನೆಯ ನಂಬರು,
ಬಾಲವಾಡಿಯ ಹೊಸ್ತಿಲು ಎಂದೂ ತುಳಿಯದವಳು,
ಸೋಡಾ ಬಾಟಲಿಯ ಮುಚ್ಚಳ ಸಾಲಾಗಿಟ್ಟು
ತಮ್ಮನ ಬೆರಳು ಹಿಡಿದು ಮುಟ್ಟಿಸುತ್ತಿದ್ದಳು:
"ಒಂದು. ಎರಡು. ತೀನ್. ನಾಲ್ಕು."

ನಿಂತಲ್ಲೇ ನಿಂತೆ.
ಯಾರ ಕಲಿಸಿದ್ರು ಅಂದೆ.
ಗದ್ದ ಎತ್ತಿ ಮೋರಿಯ ಕಡೆ ತೋರಿಸಿದಳು.
"ಯಮನೂರಿ ಮಾಸ್ತರ. ಹೊತ್ತ ಮುಣಗಿದ ಮ್ಯಾಲ ಬರ್ತಾನ.
ತಪ್ಪಿದ್ರ ಕಿವಿ ಹಿಂಡ್ತಾನ."

ಮೋರಿಯ ಮೇಲೆ ಒಂದು ಸೆಂಟ್ರಿಂಗ್ ಹಲಗೆ,
ಅಂಚಿಗೆ ಒಣಗಿದ ಸಿಮೆಂಟು, ನಡುವೆ ಸಣ್ಣ ಪಾದಗಳ ಕೆಂಪು ಮಣ್ಣು.
ವರ್ಷವಿಡೀ ನಾನೂ ಅದರ ಮೇಲೆಯೇ ದಾಟಿದ್ದೆ.
ನಮ್ಮ ನಕಾಶೆಯಲ್ಲಿ ಅದು ಇರಲಿಲ್ಲ.

ಇದಕ್ಕೆ ನಮ್ಮ ಕಸುಬಿನಲ್ಲಿ ಹೆಸರಿದೆ: ಸೋರಿಕೆ.
ಲೆಕ್ಕ ಕೆಡಿಸುವ ದೋಷವಂತೆ.
ತುಂಬಿದ ಕೊಡ ಹೊತ್ತು ಅವ್ವ ಏರು ಹತ್ತುವಾಗ
ಹಿಂದೆ ಬರುವ ನನ್ನ ಕಾಲಿಗೆ ದಾರಿ ತಂಪಾಗುತ್ತಿತ್ತು;
ಅದನ್ನು ಆಗ ಏನೆಂದೂ ಕರೆದಿರಲಿಲ್ಲ ನಾನು.

ವರದಿಯ ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಬರೆದೆ.
ಸರ್ ಉಳಿಸಿದರೋ ಹೊಡೆದುಹಾಕಿದರೋ ತಿಳಿಯದು.
ಜೂನಿಗೆ ಬಾಗಿಲು ತೆರೆಯುವುದೋ, ಅದೂ.

ಚೀಲ ಮರಳಿಸುವಾಗ ದಿಮ್ಮಿ ಏಳೇ ಇದ್ದವು.
ಎಲ್ಲಿ ಹೋಗಿರಬಹುದೆಂದು ನನಗೆ ಗೊತ್ತಿತ್ತು.
ಎಷ್ಟು ಕಳೆದವು, ಕೊಂಕಣಿಯಲ್ಲಿ ಕೇಳಿದ ಸ್ಟೋರಿನವ, ತಲೆಯೆತ್ತದೆ.
"ತೀನ್" ಅಂದೆ.
ಅವನಿಗೆ ಅದರಲ್ಲಿ ವಿಶೇಷವೇನೂ ಕೇಳಿಸಲಿಲ್ಲ.
ಬರೆದುಕೊಂಡ.